ಕೋಳಿ ಪಾಠದಲ್ಲಿ ಬಂದ ಒಂದು ಪ್ರಶ್ನೆ

ನನ್ನ ಹತ್ತಿರ ಹದಿನಾಲ್ಕು ಡೈರಿಗಳಿವೆ. ಮೊದಲನೆಯದು ೧೯೭೩ರದು, ಕೊನೆಯದು ೧೯೮೬ರದು. ಅದರ ನಂತರ ನನ್ನನ್ನು ಕಚೇರಿಯ ಕುರ್ಚಿಗೆ ಕಳಿಸಿದರು. ಅಲ್ಲಿ ಬರೆದಿಡುವಂಥದ್ದು ಏನೂ ನಡೆಯಲಿಲ್ಲ. ಹೊಸದಾಗಿ ಕೋಳಿ ವಿಭಾಗಕ್ಕೆ ಸೇರಿದ ಇಬ್ಬರು ಕಳೆದ ತಿಂಗಳು ಮನೆಗೆ ಬಂದು, ಆಗಿನ ಕೆಲಸ ಹೇಗಿತ್ತೆಂದು ಬರೆದುಕೊಡಿ ಎಂದರು. ಆದ್ದರಿಂದ ಡೈರಿಗಳನ್ನು ಕೆಳಗಿಳಿಸಿ, ಧೂಳು ಒರೆಸಿ, ಪಕ್ಕದಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ಹಾನಗಲ್ಲಿನ ಅಂಚಿನಲ್ಲಿ, ಹೆಂಚು ಹೊದಿಸಿದ ಒಂದು ಉದ್ದನೆಯ ಕಟ್ಟಡದಲ್ಲಿ ಮರಿ ಮಾಡಿಸುವ ಕೇಂದ್ರವಿತ್ತು. ಮೊಟ್ಟೆಗೆ ಕಾವು ಕೊಡುವ ಯಂತ್ರ ಒಂದೇ. ಅದನ್ನು ನಾವು ಬರೀ ಮಷಿನ್ ಎನ್ನುತ್ತಿದ್ದೆವು. ಇಪ್ಪತ್ತೊಂದನೆಯ ದಿನ ಮರಿ ಒಡೆದು ಹೊರಗೆ ಬಂದರೆ, ಆ ದಿನವೇ ಗಂಡು ಹೆಣ್ಣು ಬೇರೆ ಮಾಡಿ, ಹೆಣ್ಣುಮರಿಗಳನ್ನು ತೂತಿನ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಬಸ್ಸಿನಲ್ಲಿ ಹಳ್ಳಿಗಳಿಗೆ ಒಯ್ಯುವುದು, ತಿಂಗಳಿಗೊಮ್ಮೆ ಯಾವುದಾದರೂ ಊರಿನಲ್ಲಿ ಹೆಂಗಸರಿಗೆ ಕೋಳಿ ಸಾಕುವ ತರಬೇತಿ ನಡೆಸುವುದು ನನ್ನ ಕೆಲಸ. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ನಾಲ್ಕೂ ತಾಲೂಕು ನನಗೊಬ್ಬನಿಗೇ. ಜನ ನನ್ನನ್ನು ಕೋಳಿ ಮಾಸ್ತರ ಎಂದು ಕರೆಯುತ್ತಿದ್ದರು. ನನ್ನ ನಿಜವಾದ ಹೆಸರು ಸಂಬಳದ ದಿನ ಮಾತ್ರ ಕೇಳಿಬರುತ್ತಿತ್ತು.

ಡೈರಿಯಲ್ಲಿ ದಿನಕ್ಕೊಂದು ಪುಟ. ಇಟ್ಟ ಮೊಟ್ಟೆ, ಕೆಟ್ಟದ್ದು, ಒಡೆದದ್ದು, ಗಂಡು, ಹೆಣ್ಣು, ಸತ್ತದ್ದು, ಹೀಗೆ ಗೆರೆ ಎಳೆದ ಮನೆಗಳು. ತರಬೇತಿ ಇದ್ದ ದಿನ ಇನ್ನೆರಡು ಮನೆ: ಬಂದ ಪ್ರಶ್ನೆ, ಕೊಟ್ಟ ಉತ್ತರ. ಎರಡೂ ಸಂಖ್ಯೆ ಸಮನಾಗಿದ್ದರೆ ನನಗೆ ಆ ದಿನ ಊಟ ರುಚಿಸುತ್ತಿತ್ತು. ಇದೇ ಎರಡು ಮನೆಗಳ ಬಗ್ಗೆ ಮುಂದೆ ಹೇಳಬೇಕಾಗಿದೆ.

ಮೊದಲು ಕೈಗೆ ಹತ್ತಬೇಕಾದ ವಿದ್ಯೆ ಮರಿಯ ಲಿಂಗ ಗುರುತಿಸುವುದು. ಒಂದು ದಿನದ ಮರಿಯನ್ನು ಎಡಗೈಯಲ್ಲಿ ಹಿಡಿದು, ಹೊಟ್ಟೆ ಮೆಲ್ಲಗೆ ಒತ್ತಿ ಹಿಕ್ಕೆ ತೆಗೆಸಿ, ಹಿಂಭಾಗವನ್ನು ಹೆಬ್ಬೆರಳಿನಿಂದ ಅರಳಿಸಿ ನೋಡಬೇಕು. ಒಳಗೆ ಸಾಸಿವೆ ಕಾಳಿಗಿಂತ ಸಣ್ಣ ಉಬ್ಬು, ನಮ್ಮ ಮಾತಿನಲ್ಲಿ ಗುಬುಟು, ಕಂಡರೆ ಗಂಡು, ಇಲ್ಲದಿದ್ದರೆ ಹೆಣ್ಣು. ಕೇಳಲು ಸುಲಭ. ಆದರೆ ಕೆಲವು ಹೆಣ್ಣುಮರಿಗಳಲ್ಲೂ ಸುಳ್ಳು ಗುಬುಟು ಇರುತ್ತದೆ, ಕೆಲವು ಗಂಡುಮರಿಗಳಲ್ಲಿ ಅದು ಮುದುಡಿಕೊಂಡಿರುತ್ತದೆ. ಮೊದಲ ವರ್ಷ ಹಾನಗಲ್ಲಿನ ಒಬ್ಬ ಮುದುಕನಿಗೆ ಹತ್ತು ಹೆಣ್ಣುಮರಿ ಎಂದು ಕೊಟ್ಟೆ. ನಾಲ್ಕು ತಿಂಗಳ ಮೇಲೆ ಆತ ಬುಟ್ಟಿಯಲ್ಲಿ ನಾಲ್ಕು ಹುಂಜ ತಂದು ನನ್ನ ಮೇಜಿನ ಮೇಲಿಟ್ಟು, ಬಹಳ ವಿನಯದಿಂದ ಕೇಳಿದ: “ಮಾಸ್ತರ್ರ, ಇವು ತತ್ತಿ ಯಾವಾಗಿಂದ ಇಡ್ತಾವ್ರಿ?”

ನನ್ನ ಮೇಲಧಿಕಾರಿ ಇನಾಮದಾರ ಸಾಹೇಬರು ಪಕ್ಕದಲ್ಲೇ ಕುಳಿತಿದ್ದರು. ಮುದುಕನ ಮುಂದೆ ನಗಲಿಲ್ಲ. ಆತ ಹೋದ ಮೇಲೆ ನನಗೆ ಒಂದು ನಿಯಮ ಹಾಕಿದರು. ಸತ್ತ ಮರಿ ಒಂದನ್ನೂ ಹಾಗೇ ಚೆಲ್ಲಬಾರದು. ಮೊದಲು ಬೆರಳಿನಿಂದ ನೋಡಿ ಗಂಡೋ ಹೆಣ್ಣೋ ಬರೆಯಬೇಕು, ಆಮೇಲೆ ಹೊಟ್ಟೆ ತೆರೆದು ನೋಡಬೇಕು, ಎರಡೂ ಕೂಡಿದವೋ ಇಲ್ಲವೋ ಗುರುತು ಹಾಕಬೇಕು. ಬೆನ್ನುಮೂಳೆಯ ಕೆಳಗೆ, ಮೂತ್ರಪಿಂಡದ ಮೇಲ್ತುದಿಯಲ್ಲಿ ಅದು ಕಾಣುತ್ತದೆ. ಗಂಡಾದರೆ ಎರಡೂ ಕಡೆ ಒಂದೊಂದು, ಅಕ್ಕಿಯ ನುಚ್ಚಿನಂಥ ಬೀಜ. ಹೆಣ್ಣಾದರೆ ಎಡಗಡೆ ಮಾತ್ರ ಒಂದು ಚಪ್ಪಟೆ ಹಾಳೆ. ಬೆಳೆದ ಕೋಳಿಯಲ್ಲಿ ಅದೇ ಮೊಟ್ಟೆಗಳ ಗೊಂಚಲಾಗುತ್ತದೆ. ಬಲಗಡೆ ಏನೂ ಇಲ್ಲವೆನ್ನುವಷ್ಟು ಸಣ್ಣ ಗುರುತು. ಹೀಗೆ ಎಂಟು ತಿಂಗಳು ನೋಡಿ ಬರೆದ ಮೇಲೆ ನನ್ನ ಬೆರಳು ನಂಬಿಕೆಗೆ ಬಂತು. ನಿಮಗೆ ಈಗ ಬಣ್ಣ ನೋಡಿಯೇ ಲಿಂಗ ಹೇಳಬಹುದಾದ ತಳಿಗಳಿವೆ. ಆದರೂ ಸತ್ತದ್ದನ್ನು ತೆರೆದು ನೋಡುವ ಅಭ್ಯಾಸ ಬಿಡಬೇಡಿ.

೧೯೭೪ರ ಮೇ ತಿಂಗಳಲ್ಲಿ ಕರೆಂಟು ಹೋಗಿ ಒಂದು ಹಗಲೆಲ್ಲ ಬರಲಿಲ್ಲ. ಸೀಮೆಎಣ್ಣೆಯ ದೀಪ ಇಟ್ಟು ಕಾವು ಕೊಡಲು ಹೋಗಿ ಒಂದು ಕಡೆ ಹೆಚ್ಚು ಬಿಸಿಯಾಯಿತು. ಮಷಿನ್‌ನಲ್ಲಿ ಬೇರೆ ಬೇರೆ ದಿನ ಇಟ್ಟ ತಟ್ಟೆಗಳಿದ್ದವು. ಬಹಳಷ್ಟು ಸತ್ತವು. ನಾನು ತಲೆಯ ಮೇಲೆ ಕೈ ಹೊತ್ತು ಕುಳಿತಿದ್ದಾಗ ಇನಾಮದಾರರು ತಮ್ಮ ಭೂತಗನ್ನಡಿ ತಂದು ಮುಂದಿಟ್ಟರು. ಇಂಥ ಅವಕಾಶ ಮತ್ತೆ ಸಿಗುವುದಿಲ್ಲ, ಅಳುವುದಾದರೆ ನೋಡುತ್ತ ಅಳು ಎಂದರು.

ತಟ್ಟೆ ತಟ್ಟೆಯಾಗಿ ಒಡೆದು, ಉಪ್ಪು ನೀರಿನ ಬಟ್ಟಲಲ್ಲಿಟ್ಟು ನೋಡಿದೆ. ಏಳನೆಯ ದಿನದ ಪಿಂಡಗಳಲ್ಲಿ ಬೆನ್ನಿನ ಎರಡೂ ಕಡೆ ಎರಡು ಬಿಳಿ ಎಳೆ, ಎಲ್ಲದರಲ್ಲೂ ಒಂದೇ ಥರ, ಕನಿಷ್ಠ ನನ್ನ ಕಣ್ಣಿಗೆ. ಹತ್ತನೆಯ ದಿನದ ತಟ್ಟೆಯಲ್ಲಿ ಕೆಲವಕ್ಕೆ ಎಡಗಡೆಯದು ದಪ್ಪ, ಬಲಗಡೆಯದು ಸಣಕಲು. ಹದಿನಾಲ್ಕನೆಯ ದಿನದ್ದರಲ್ಲಿ ಅನುಮಾನಕ್ಕೆ ಜಾಗವೇ ಇಲ್ಲ. ಗಂಡಿನಲ್ಲಿ ಎರಡೂ ಜೋಡಿಯಾಗಿ ಬೆಳೆದಿವೆ, ಹೆಣ್ಣಿನಲ್ಲಿ ಎಡದ್ದು ಹರಡಿಕೊಂಡಿದೆ, ಬಲದ್ದು ಹಿಂದೆ ಬಿದ್ದಿದೆ. ಎಲ್ಲ ಮರಿಯೂ ಮೊದಲು ಎರಡಕ್ಕೂ ತಯಾರಾಗಿಯೇ ಹೊರಡುತ್ತದೆ ಎಂಬುದು ಆ ದಿನ ನನಗೆ ದೊಡ್ಡ ಸುದ್ದಿ.

“ಹಂಗಾರ ಇದು ಗಂಡಾಗೂದು ಹೆಣ್ಣಾಗೂದು ಹತ್ತನೇ ದಿನಕ್ಕೇನ್ರಿ?” ಎಂದು ಕೇಳಿದೆ.

“ಅಲ್ಲೋ ಮಾರಾಯ. ತೀರ್ಮಾನ ಮೊದಲನೇ ದಿನಾನ ಆಗಿರ್ತೈತಿ. ನಮಗ ಕಾಣೂದು ತಡಾ.”

ಆಮೇಲೆ ಅವರು ಸುಣ್ಣದ ಕಡ್ಡಿಯಿಂದ ನೆಲದ ಮೇಲೆ ಗೆರೆ ಎಳೆದು ವಿವರಿಸಿದರು. ಹುಂಜದ ವೀರ್ಯಾಣುವೆಲ್ಲ ಒಂದೇ ಜಾತಿಯದು. ಹೇಂಟೆಯ ಮೊಟ್ಟೆಯಲ್ಲಿ ಎರಡು ಜಾತಿ. ಒಂದು ಗಂಡುಮರಿ ಆಗುವಂಥದು, ಒಂದು ಹೆಣ್ಣುಮರಿ ಆಗುವಂಥದು. ಯಾವ ಮೊಟ್ಟೆ ಇಳಿದು ಬಂತೋ ಅದರ ಮೇಲೆ ಮರಿಯ ಲಿಂಗ. ಆ ತೀರ್ಮಾನವನ್ನು ಗ್ರಂಥಿಗೆ ತಲುಪಿಸುವುದು ಯಾವುದು ಎಂಬುದು ಆಗ ಪುಸ್ತಕಗಳಲ್ಲೂ ಸ್ಪಷ್ಟವಿರಲಿಲ್ಲ. ಹೆಣ್ಣಿನ ಎಡಗ್ರಂಥಿ ತಾನೇ ಒಂದು ರಸ ಮಾಡಿಕೊಂಡು ತನ್ನನ್ನು ಬೆಳೆಸಿಕೊಳ್ಳುತ್ತದೆ ಎಂಬಷ್ಟು ಗೊತ್ತಿತ್ತು. ನಾನು ನಿವೃತ್ತನಾಗುವ ಹೊತ್ತಿಗೆ, ಗಂಡಿನಲ್ಲಿ ಎರಡು ಪಾಲು, ಹೆಣ್ಣಿನಲ್ಲಿ ಒಂದೇ ಪಾಲು ಇರುವ ಒಂದು ವಂಶವಾಹಿಯ ಮೇಲೆ ತಿಳಿದವರ ಕಣ್ಣು ಬಿದ್ದಿತ್ತು. ಪಾಲು ಎರಡಿದ್ದರೆ ಬೀಜ, ಒಂದಿದ್ದರೆ ಗೊಂಚಲು. ನೀವು ಇದನ್ನೆಲ್ಲ ನನಗಿಂತ ಚೆನ್ನಾಗಿ ಓದಿರುತ್ತೀರಿ. ನನಗೆ ಮಾತ್ರ ಆ ದಿನ ತಲೆಯಲ್ಲಿ ಕೂತದ್ದು ಒಂದೇ: ಕೋಳಿಯಲ್ಲಿ ಗಂಡು ಹೆಣ್ಣು ತಾಯಿಯ ಕಡೆಯಿಂದ. ಮನುಷ್ಯರಲ್ಲಿ ಇದು ತಿರುಗುಮುರುಗು, ಅಲ್ಲಿ ತಂದೆಯ ಕಡೆಯಿಂದ ಎಂದೂ ಇನಾಮದಾರರು ಹೇಳಿದ್ದರು. ಅದು ನನ್ನ ಕೆಲಸಕ್ಕೆ ಸಂಬಂಧವಿಲ್ಲದ್ದು, ಹಾಗಾಗಿ ಡೈರಿಯಲ್ಲಿ ಬರೆಯಲಿಲ್ಲ.

ತಡಸ ಎಂಬ ಊರಿನ ಹೆಂಗಸರಲ್ಲಿ ಒಂದು ರೂಢಿ ಇತ್ತು. ಕೋಳಿ ಕಾವಿಗೆ ಕೂತಾಗ ದುಂಡಗಿನ ಮೊಟ್ಟೆಗಳನ್ನೇ ಆರಿಸಿ ಇಡುತ್ತಿದ್ದರು. ದುಂಡಗಿದ್ದರೆ ಹೆಣ್ಣು, ಚೂಪಾಗಿದ್ದರೆ ಹುಂಜ. ನಾನು ಇದನ್ನು ಪರೀಕ್ಷೆ ಮಾಡಲೇಬೇಕೆಂದು ಅರವತ್ತು ದುಂಡಗಿನವು, ಅರವತ್ತು ಚೂಪಿನವು ಬೇರೆ ಬೇರೆ ತಟ್ಟೆಯಲ್ಲಿಟ್ಟೆ. ಒಡೆದ ಮರಿ, ಒಡೆಯದೆ ಸತ್ತದ್ದು, ಎಲ್ಲ ಲೆಕ್ಕ ಹಿಡಿದೆ. ಎರಡು ತಟ್ಟೆಯಲ್ಲೂ ಸುಮಾರು ಅರ್ಧ ಗಂಡು, ಅರ್ಧ ಹೆಣ್ಣು. ಪಟ್ಟಿ ಹಿಡಿದುಕೊಂಡು ತಡಸಕ್ಕೆ ಹೋಗಿ ಹೇಳಿದೆ. ಒಬ್ಬ ಅಜ್ಜಿ ಪೂರ್ತಿ ಕೇಳಿ, ನಿಮ್ಮ ಮಷಿನ್‌ನಾಗ ತತ್ತಿಗೆ ತಲಿ ತಿರುಗಿರಬೇಕು ಬಿಡ್ರಿ ಅಂದಳು. ಆ ವಾರವೂ ಆಕೆ ದುಂಡಗಿನವನ್ನೇ ಇಟ್ಟಳು.

ಈಗ ದುಂಡಸಿ ಎಂಬ ಊರಿನ ವಿಷಯ. ೧೯೭೬ರ ಫೆಬ್ರವರಿ. ಶಾಲೆಯ ಪಡಸಾಲೆಯಲ್ಲಿ ಮೂರು ದಿನದ ತರಬೇತಿ, ಹತ್ತೊಂಬತ್ತು ಹೆಂಗಸರು. ಅವರಲ್ಲಿ ನೀಲವ್ವ ಎಂಬ ಸೊಸೆ, ಅವಳ ಅತ್ತೆ ಕಲ್ಲವ್ವ ಇಬ್ಬರೂ ಬಂದಿದ್ದರು. ನೀಲವ್ವನಿಗೆ ಆಗ ಇಪ್ಪತ್ತಮೂರೋ ಇಪ್ಪತ್ತನಾಲ್ಕೋ. ಮರಿ ಹಿಡಿಯುವ ಕೈ ಅಂದರೆ ಅವಳದು. ನಾನು ಎಂಟು ತಿಂಗಳಲ್ಲಿ ಕಲಿತದ್ದನ್ನು ಅವಳ ಬೆರಳು ಎರಡನೆಯ ದಿನಕ್ಕೆ ಹಿಡಿದುಬಿಟ್ಟಿತು. ನಾನು ಹೆಣ್ಣೆಂದು ಬೇರೆ ಇಟ್ಟ ಒಂದು ಮರಿಯನ್ನು ಎತ್ತಿ, ಇನ್ನೊಮ್ಮೆ ನೋಡ್ರಿ ಎಂದು ನನ್ನ ಕೈಗೇ ಕೊಟ್ಟಳು. ನೋಡಿದೆ. ಗಂಡು. ಕಲ್ಲವ್ವ ಪಕ್ಕದವಳಿಗೆ ಕೇಳುವಂತೆ ಗೊಣಗಿದಳು: ಬ್ಯಾರೇವರದೆಲ್ಲ ಗೊತ್ತಾಗ್ತೈತಿ ಇಕಿಗೆ. ಹೆಂಗಸರು ನಕ್ಕರು. ನಾನೂ ನಕ್ಕೆ, ಅರ್ಥವಾಗದೆ.

ಕೊನೆಯ ದಿನ ನಾನು ಸುಣ್ಣದ ಕಡ್ಡಿಯಿಂದ ಇನಾಮದಾರರ ಗೆರೆಗಳನ್ನೆಲ್ಲ ಎಳೆದು, ಮೊಟ್ಟೆಯೊಳಗೆ ಮರಿ ಹೇಗೆ ಗಂಡು ಹೆಣ್ಣಾಗುತ್ತದೆ ಹೇಳಿದೆ. ಯಾರಿಗಾದರೂ ಏನಾದರೂ ಕೇಳುವುದಿದೆಯೇ ಎಂದು ಎರಡು ಸಲ ಕೇಳಿದೆ. ಕೊನೆಗೆ ನೀಲವ್ವ, ಅಂಗೈಯಲ್ಲಿದ್ದ ಮರಿಯನ್ನೇ ನೋಡುತ್ತ ಕೇಳಿದಳು.

“ಹೆಣ್ಣಾಗೂದು ಯಾರಿಂದ್ರಿ? ತಾಯಿಂದೋ, ತಂದಿಂದೋ?”

ಇಷ್ಟು ಹೊತ್ತು ಹೇಳಿದ್ದೇ ಅದು. ಆದರೂ ನನಗೆ ಖುಷಿಯಾಯಿತು. ಪಾಠ ಕೇಳಿದವಳು ಒಬ್ಬಳಾದರೂ ಇದ್ದಾಳಲ್ಲ.

“ತಾಯಿಂದ,” ಅಂದೆ. “ಪೂರ್ತಿ ತಾಯಿಂದ. ತಂದಿ ಪಾತ್ರ ಏನೂ ಇಲ್ಲ ಅದರಾಗ.”

ಆ ದಿನದ ಪುಟ ಈಗ ನನ್ನ ಮುಂದಿದೆ. ಹಾಜರಿ ೧೯. ಹಂಚಿದ ಮರಿ ೧೯೦. ಬಂದ ಪ್ರಶ್ನೆ ೧. ಕೊಟ್ಟ ಉತ್ತರ ೧. ನೀಲವ್ವ ಆಗ ಆರು ತಿಂಗಳ ಬಸುರಿ. ಮೂರು ದಿನ ನನ್ನ ಕಣ್ಣೆದುರೇ ಇದ್ದಳು. ನನಗೆ ಕಂಡೇ ಇರಬೇಕು. ಡೈರಿಯಲ್ಲಿ ಮಳೆ ಬಂದದ್ದು, ಬಸ್ಸು ನಲವತ್ತು ನಿಮಿಷ ತಡವಾದದ್ದು ಇದೆ. ಅದೊಂದು ಇಲ್ಲ.

ಜುಲೈ ತಿಂಗಳಲ್ಲಿ ದುಂಡಸಿ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಲ್ಲವ್ವ ಹೇಳಿ ಕಳಿಸಿದಳು. ಮನೆಯ ಹಳೆಯ ಹೇಂಟೆಯೊಂದು ಹುಂಜದಂತೆ ಕೂಗತೊಡಗಿದೆ, ಕೋಳಿ ಮಾಸ್ತರ ಬಂದು ನೋಡಲಿ. ಇಂಥದ್ದನ್ನು ಓದಿದ್ದೆನೇ ಹೊರತು ಕಂಡಿರಲಿಲ್ಲ. ಮರುದಿನವೇ ಹೊರಟೆ. ನಾನು ಹೋಗುವಷ್ಟರಲ್ಲಿ ಅದರ ಕತ್ತು ಕೊಯ್ದಾಗಿತ್ತು. ಕೂಗುವ ಹೇಂಟೆಯನ್ನು ಮನೆಯಲ್ಲಿ ಇನ್ನೊಂದು ಬೆಳಗು ಇಟ್ಟುಕೊಳ್ಳುವವರು ಆ ಕಡೆ ಯಾರೂ ಇರಲಿಲ್ಲ. ಆದರೆ ನಾನು ಬರಲೆಂದು ಕಲ್ಲವ್ವ ಅದನ್ನು ಬುಟ್ಟಿಯ ಕೆಳಗೆ ಮುಚ್ಚಿಟ್ಟಿದ್ದಳು.

ಅಂಗಳದಲ್ಲಿ ಕುಳಿತು ತೆರೆದೆ. ಜುಟ್ಟು ಹುಂಜದಷ್ಟೇ ಕೆಂಪಾಗಿ ಬೆಳೆದಿತ್ತು. ಒಳಗೆ ಎಡಗಡೆಯ ಗೊಂಚಲು ರೋಗದಿಂದ ಒಣಗಿ ಕಪ್ಪು ಗಂಟಾಗಿತ್ತು. ಬಲಗಡೆ, ಏನೂ ಇರಬಾರದ ಜಾಗದಲ್ಲಿ, ಹುರುಳಿ ಕಾಳಿನಷ್ಟು ಬಿಳಿಯ ಬೀಜದಂಥದ್ದು ಬೆಳೆದಿತ್ತು. ಹತ್ತನೆಯ ದಿನ ಮೊಟ್ಟೆಯೊಳಗೆ ಹಿಂದೆ ಬಿದ್ದದ್ದು ಇಷ್ಟು ವರ್ಷ ಅಲ್ಲೇ ಇತ್ತು. ಎಡಗಡೆಯದರ ಕಾವಲು ತಪ್ಪಿದ ಕೂಡಲೆ ಎದ್ದಿತ್ತು. ನಾನು ಕಲ್ಲವ್ವನನ್ನು ಕರೆದು ತೋರಿಸಿದೆ. ಇದು ಅಪಶಕುನ ಅಲ್ಲ, ರೋಗ, ಇಲ್ಲೇ ನೋಡಿ ಎಂದೆ. ಆಕೆ ಬಗ್ಗಿ ಬಹಳ ಹೊತ್ತು ನೋಡಿದಳು. ಹೆದರುವ ಹೆಂಗಸಲ್ಲ ಆಕೆ.

“ಖರೆ ಅಂದ್ರಿ ಮಾಸ್ತರ,” ಎಂದಳು. “ನೀವು ಹೇಳೂದೆಲ್ಲ ಕಣ್ಣಿಗೆ ಕಾಣೂವಂಥಾದ್ದು. ಅವತ್ತ ಸಾಲ್ಯಾಗ ಹೇಳಿದ್ರೆಲ್ಲ, ಹೆಣ್ಣಾಗೂದು ಪೂರ್ತಿ ತಾಯಿಂದ ಅಂತ. ನನಗೂ ಮೊದಲಿಂದ ಹಂಗ ಅನಸ್ತಿತ್ತು. ಮೇ ತಿಂಗಳದಾಗ ಮೂರನೇದೂ ಹೆಣ್ಣ ಹಡದ್ಲು ನಮ್ಮಾಕಿ. ಫಕ್ಕೀರಪ್ಪಗ ಚಿಕ್ಕೇರೂರಾಗ ಒಂದು ಹುಡುಗಿ ನೋಡೇವಿ. ದೀಪಾವಳಿ ಕಳದ ಮ್ಯಾಲ ಮಾಡಾಕತ್ತೇವಿ.”

ನನ್ನ ಕೈಯಲ್ಲಿ ಕತ್ತರಿ ಹಾಗೇ ಇತ್ತು. ಫಕ್ಕೀರಪ್ಪ ಅಂದರೆ ಆಕೆಯ ಮಗ, ನೀಲವ್ವನ ಗಂಡ.

ಆಗ ನಾನು ಮಾಡಿದ್ದು ಎರಡನೆಯ ತಪ್ಪು. ತಡಮಾಡದೆ ಸರಿಪಡಿಸಬೇಕೆಂಬ ಅವಸರದಲ್ಲಿ, ಅದು ಕೋಳಿಯ ಮಾತು, ಮನುಷ್ಯರಲ್ಲಿ ಹಾಗಲ್ಲ, ಮನುಷ್ಯರಲ್ಲಿ ತಂದೆಯಿಂದ ಎಂದು ಗಟ್ಟಿಯಾಗಿ ಹೇಳತೊಡಗಿದೆ. ಕಲ್ಲವ್ವನ ಮುಖ ಬಿಗಿಯಿತು. ಫೆಬ್ರವರಿಯಾಗ ತಾಯಿ ಅಂದ್ರಿ, ಜುಲೈದಾಗ ತಂದಿ ಅಂತೀರಿ, ಶ್ರಾವಣದಾಗ ಏನ ಅಂತೀರೋ ಎಂದಳು. ಅಷ್ಟರಲ್ಲಿ ಫಕ್ಕೀರಪ್ಪ ಎತ್ತು ಕಟ್ಟಿ ಬಂದು ಅಂಗಳದಲ್ಲೇ ಕೈ ತೊಳೆಯತೊಡಗಿದ. ಕೆಟ್ಟ ಮನುಷ್ಯನಲ್ಲ. ನನಗೆ ಹಿಂದೆ ಎರಡು ಸಲ ಸೈಕಲ್ಲಿಗೆ ಗಾಳಿ ಹಾಕಿಕೊಟ್ಟಿದ್ದ. ಅವನಿಗೂ ಅದನ್ನೇ ಹೇಳಿದೆ: ಹೆಣ್ಣಾದದ್ದು ನಿಮ್ಮಿಂದ, ಅವಳಿಂದಲ್ಲ.

ಅವನು ಕೈ ತೊಳೆಯುವುದನ್ನು ನಿಲ್ಲಿಸಿದ.

“ಅಂದ್ರ ತಪ್ಪು ನಂದು. ಇದನ್ನ ಊರ ಮುಂದ ಹೇಳ್ತೀರೇನು?”

ತಪ್ಪು ಎಂದು ನಾನು ಹೇಳಿರಲಿಲ್ಲ ಎಂದುಕೊಂಡೆ. ಆದರೆ ಹೇಳಿದ್ದೆ. ಒಬ್ಬರ ತಲೆಯ ಮೇಲಿದ್ದ ಹೊರೆಯನ್ನು ಎತ್ತಿ ಇನ್ನೊಬ್ಬರ ತಲೆಯ ಮೇಲೆ ಇಟ್ಟಿದ್ದೆ, ಅಷ್ಟೇ. ಹಾಗೆ ಇಟ್ಟರೆ ಯಾರೂ ಹೊರುವುದಿಲ್ಲ. ಫಕ್ಕೀರಪ್ಪ ಕೈ ಒರೆಸಿಕೊಂಡು ಒಳಗೆ ಹೋದ. ಬಸ್ಸಿಗೆ ಹೊತ್ತಾಯಿತೆಂದು ಕಲ್ಲವ್ವ ನನಗೆ ನೆನಪು ಮಾಡಿದಳು.

ಹಿತ್ತಿಲ ಬಾಗಿಲಲ್ಲಿ ಕೈ ತೊಳೆಯಲು ನೀರು ಹಾಕಿದವಳು ನೀಲವ್ವ. ಎಡತೋಳಿನಲ್ಲಿ ಎರಡು ತಿಂಗಳ ಕೂಸು. ಅಂಗಳದ ಮಾತೆಲ್ಲ ಕೇಳಿದ್ದಳು. ನನ್ನ ಕೈಮೇಲಿನ ರಕ್ತ ಹೋಗುವ ತನಕ ಚೆಂಬಿನಿಂದ ಸಣ್ಣಗೆ ನೀರು ಬಿಟ್ಟಳು.

“ಮಾಸ್ತರ್ರ,” ಎಂದಳು, “ಅವತ್ತ ನಾ ಕೋಳಿದು ಕೇಳಿರಲಿಲ್ರಿ.”

ಬಸ್ಸಿನಲ್ಲಿ ಶಿಗ್ಗಾಂವಿಯ ತನಕ ನಾನು ಡೈರಿ ತೆರೆಯಲಿಲ್ಲ. ನೀಲವ್ವ ತವರಿಗೆ ಹೋಗಬೇಕಾಗುತ್ತದೋ, ಅದೇ ಮನೆಯಲ್ಲಿ ಇನ್ನೊಬ್ಬಳಿಗೆ ನೀರು ಹೊತ್ತು ಕೊಡಬೇಕಾಗುತ್ತದೋ, ಯಾವುದೇ ಆದರೂ ಅದಕ್ಕೆ ಆಧಾರವೆಂದು ಕಲ್ಲವ್ವ ಹೇಳುವುದು ನನ್ನ ಒಂದು ವಾಕ್ಯವನ್ನು. ನನ್ನ ವಾಕ್ಯವಿಲ್ಲದಿದ್ದರೂ ಅವರು ಹುಡುಗಿ ನೋಡುತ್ತಿದ್ದರೇನೋ. ಈಗ ಹಾಗೆ ಸಮಾಧಾನ ಮಾಡಿಕೊಳ್ಳಬಹುದು. ಆಗ ಆಗಲಿಲ್ಲ.

ಮುಂದಿನ ತರಬೇತಿ ಹಾನಗಲ್ ತಾಲೂಕಿನ ಒಂದು ಊರಿನಲ್ಲಿ ಎಂದು ಪಟ್ಟಿಯಲ್ಲಿತ್ತು. ಚಿಕ್ಕೇರೂರು ವರ್ಷದ ಕೊನೆಗೆ. ಹಾನಗಲ್ ಭಾಗದಲ್ಲಿ ಭತ್ತದ ನಾಟಿ ನಡೆದಿದೆ, ಹೆಂಗಸರಿಗೆ ಪುರುಸೊತ್ತಿಲ್ಲ, ಆದ್ದರಿಂದ ಚಿಕ್ಕೇರೂರನ್ನು ಮುಂದೆ ತೆಗೆದುಕೊಳ್ಳಲು ಅನುಮತಿ ಬೇಕು ಎಂದು ಇನಾಮದಾರರಿಗೆ ಬರೆದೆ. ಬರೆದದ್ದು ಸುಳ್ಳಲ್ಲ. ಕಾರಣವೂ ಅದಲ್ಲ. ಹದಿನಾಲ್ಕು ವರ್ಷದಲ್ಲಿ ನಾನು ಊರಿನ ಕ್ರಮ ಬದಲಿಸಿದ್ದು ಇದೊಂದೇ ಸಲ.

ಆಗಸ್ಟ್ ತಿಂಗಳಲ್ಲಿ ಚಿಕ್ಕೇರೂರಿಗೆ ಹೋದೆ. ಹುಡುಗಿ ಯಾರ ಮನೆಯವಳೆಂದು ನನಗೆ ಗೊತ್ತಿರಲಿಲ್ಲ. ವಿಚಾರಿಸಲೂ ಇಲ್ಲ. ದುಂಡಸಿಯ ಹೆಸರು ಎತ್ತಬಾರದು, ಯಾರ ಮನೆಯ ಮಾತೂ ಆಡಬಾರದು, ಪಾಠವನ್ನು ಮಾತ್ರ ಪೂರ್ತಿ ಹೇಳಬೇಕು ಎಂದು ನಿಶ್ಚಯಿಸಿದ್ದೆ. ಡೈರಿಯಲ್ಲಿ ಹೊಸ ಗೆರೆ ಎಳೆದು ಮೂರನೆಯ ಮನೆ ಮಾಡಿದ್ದೆ: ಕೇಳಿದವರು.

ಕೋಳಿಯದು ಹೇಳಿ ಮುಗಿಸಿದ ಮೇಲೆ ಉದ್ದನೆಯ ಒಂದು ವಾಕ್ಯ ಸೇರಿಸಿದೆ: ಮನುಷ್ಯರಲ್ಲಿ ಇದು ತಿರುಗುಮುರುಗು, ಅಲ್ಲಿ ತಾಯಿಯದು ಒಂದೇ ಜಾತಿ, ತಂದೆಯ ಕಡೆಯಿಂದ ಎರಡು ಜಾತಿ ಬರುತ್ತವೆ, ಯಾವುದು ಬರಬೇಕೆಂದು ಆತ ಆರಿಸುವುದಿಲ್ಲ, ಹೇಂಟೆ ಹೇಗೆ ಆರಿಸುವುದಿಲ್ಲವೋ ಹಾಗೆ, ಆದ್ದರಿಂದ ಇದರಲ್ಲಿ ಯಾರ ತಪ್ಪೂ ಇಲ್ಲ.

ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಇಬ್ಬರು ನಕ್ಕರು. ಆಮೇಲೆ ಹಿಂದಿನ ಸಾಲಿನಲ್ಲಿ ನಡುವಯಸ್ಸಿನ ಒಬ್ಬಾಕೆ, ಕಂಬಕ್ಕೆ ಒರಗಿಕೊಂಡೇ ಕೇಳಿದಳು.

“ಹಂಗಾರ ಒಬ್ಬಂವಗ ಮೂರು ಹೆಣ್ಣದಾವ ಅಂತ ಇಟಗೋರಿ. ಅಂವಾ ಇನ್ನೊಬ್ಬಾಕಿನ ಮಾಡಕೊಂಡ್ರ ಆಕಿಗೂ ಹೆಣ್ಣ ಆಗ್ತಾವೇನ್ರಿ?”

ಹೌದು ಎಂದು ಒಂದು ಮಾತು ಹೇಳಿದರೆ ಸಾಕಿತ್ತು. ಬಾಯಿಯ ತನಕ ಬಂದಿತ್ತು. ಆದರೆ ತಡಸದ ದುಂಡಗಿನ ಮೊಟ್ಟೆಯ ಪಟ್ಟಿ ನನ್ನ ಚೀಲದಲ್ಲಿತ್ತು. ಫೆಬ್ರವರಿಯಲ್ಲಿ ಅರ್ಧ ಸತ್ಯ ಹೇಳಿ ಆದದ್ದನ್ನು ಆಗಸ್ಟಿನಲ್ಲಿ ಸುಳ್ಳು ಹೇಳಿ ಸರಿಮಾಡಲು ಮನಸ್ಸು ಬರಲಿಲ್ಲ.

“ಹೇಳಾಕ ಬರೂದಿಲ್ರಿ,” ಅಂದೆ. “ಪ್ರತಿ ಸಲಾನೂ ಅರ್ಧ ಅರ್ಧ. ಹಿಂದ ಮೂರು ಆಗ್ಯಾವ ಅಂತ ನಾಕನೇದಕ್ಕ ಗೊತ್ತಾಗೂದಿಲ್ಲ. ಗಂಡ ಆದ್ರೂ ಆತು, ಹೆಣ್ಣ ಆದ್ರೂ ಆತು. ಬಂದಾಕಿ ಕೈಯಾಗಂತೂ ಇಲ್ಲ.”

ಆಕೆ ಯೋಚಿಸಿದಳು.

“ಅಂದ್ರ ಹೆಣ್ಣಾದ್ರ, ಈಗಿನಾಕಿಗೆ ಆದದ್ದು ಆಕಿಗೂ ಆಗ್ತೈತಿ,” ಎಂದಳು. ಇದು ಪ್ರಶ್ನೆಯಾಗಿರಲಿಲ್ಲ. ಹೆಸರು ಕೇಳಿ ಮೂರನೆಯ ಮನೆಯಲ್ಲಿ ಬರೆದುಕೊಂಡೆ.

ಸುದ್ದಿ ಮೇಲಕ್ಕೆ ಹೋಯಿತು. ಕೋಳಿ ತರಬೇತಿಯಲ್ಲಿ ಗಂಡ ಹೆಂಡಿರ ಮಾತು ಆಡುತ್ತಾನೆಂದು ಯಾರೋ ದೂರು ಬರೆದಿದ್ದರು. ಇನಾಮದಾರರು ನನ್ನನ್ನು ನಿಲ್ಲಿಸಿಕೊಂಡು, ಕೋಳಿ ನಿನ್ನ ಖಾತೆ, ಮನುಷ್ಯರದು ಬೇರೆ ಖಾತೆ ಎಂದು ಗದರಿಸಿದರು. ನಾನು ದುಂಡಸಿಯದೆಲ್ಲ ಹೇಳಿದೆ. ಊರಿನ ಕ್ರಮ ಬದಲಿಸಿದ್ದನ್ನೂ ಹೇಳಿದೆ. ಅವರು ದೂರಿನ ಕಾಗದವನ್ನು ಮಡಚಿ, ಇನ್ನೂ ಸಣ್ಣಗೆ ಮಡಚಿ, ಅಲುಗಾಡುತ್ತಿದ್ದ ಮೇಜಿನ ಕಾಲಿನ ಕೆಳಗೆ ಇಟ್ಟರು.

“ಒಂದ ವಾಕ್ಯ ಅಂದೆಲ್ಲ? ಒಂದ ವಾಕ್ಯಕ್ಕ ನಾ ಏನೂ ಬರಿಯೂದಿಲ್ಲ. ಎರಡ ಆಗಬ್ಯಾಡ.”

ಅಲ್ಲಿಂದ ೧೯೮೬ರ ತನಕ ಆ ಒಂದು ವಾಕ್ಯವನ್ನು ತೊಂಬತ್ತಮೂರು ಊರುಗಳಲ್ಲಿ ಹೇಳಿದ್ದೇನೆ. ಎರಡನೆಯದು ಎಲ್ಲೂ ಹೇಳಿಲ್ಲ.

ದೀಪಾವಳಿ ಕಳೆದ ಮೇಲೆ ದುಂಡಸಿಯಲ್ಲಿ ಮದುವೆ ಆಗಲಿಲ್ಲ ಎಂದು ಅದೇ ಕಂಡಕ್ಟರ ಹೇಳಿದ. ಯಾಕೆಂದು ಅವನಿಗೆ ಗೊತ್ತಿರಲಿಲ್ಲ. ಹುಡುಗಿಯ ಕಡೆಯವರು ಒಲ್ಲೆ ಅಂದರಂತೆ, ಜಾತಕ ಕೂಡಲಿಲ್ಲವಂತೆ. ನಾನು ಆ ಮನೆಯ ಕಡೆ ಮತ್ತೆ ಹೋಗಲಿಲ್ಲ. ಧೈರ್ಯವಿರಲಿಲ್ಲ ಎಂದೇ ಬರೆಯಬೇಕು.

೧೯೮೪ರಲ್ಲಿ ಸವಣೂರಿನಲ್ಲಿ ಮರಿ ಹಂಚುವ ದಿನ, ಸಾಲಿನಲ್ಲಿ ನಿಂತ ಒಬ್ಬ ಹೆಂಗಸು ಪೆಟ್ಟಿಗೆಯಿಂದ ಮರಿಗಳನ್ನು ಎತ್ತಿ ಎತ್ತಿ ತಾನೇ ಪರೀಕ್ಷಿಸುತ್ತಿದ್ದಳು. ಕೈ ನೋಡಿದ ಕೂಡಲೆ ಗುರುತು ಸಿಕ್ಕಿತು, ಮುಖಕ್ಕಿಂತ ಮೊದಲು. ನೀಲವ್ವ ಆಗ ದುಂಡಸಿಯ ಹನ್ನೊಂದು ಮನೆಗಳಿಗೆ ಮರಿ ಆರಿಸಿ ಒಯ್ಯುವವಳಾಗಿದ್ದಳು. ದೊಡ್ಡ ಮಗಳು ಹೈಸ್ಕೂಲು, ಮೂರನೆಯದು ಮೂರನೆಯ ತರಗತಿ ಎಂದಳು. ನಾಲ್ಕನೆಯದು ಗಂಡೇನು ಎಂಬ ಮಾತು ನನ್ನ ನಾಲಗೆಯ ತುದಿಗೆ ಬಂತು. ಬಂದದ್ದಕ್ಕೆ ನಾಚಿಕೆಯಾಗಿ ನುಂಗಿಕೊಂಡೆ. ಊರೂರಿಗೆ ಪಾಠ ಹೇಳುವವನ ಹೊಟ್ಟೆಯಲ್ಲೂ ಅದು ಇತ್ತು.

ಅತ್ತೆ ಹೇಗಿದ್ದಾಳೆಂದು ಕೇಳಿದೆ.

“ಗಟ್ಟಿ ಅದಾಳ್ರಿ. ಈಗೂ ಕೇಳ್ತಾಳ, ಕೋಳಿ ಮಾಸ್ತರ ಮೊದಲ ಹೇಳಿದ್ದ ಖರೆಯೋ, ಹಿಂದಿಂದ ಹೇಳಿದ್ದ ಖರೆಯೋ ಅಂತ.”

“ನೀವೇನ ಅಂತೀರಿ?”

“ಎರಡೂ ಖರೆ, ಅತ್ತಿ, ಅಂತೇನ್ರಿ. ಮೊದಲಿಂದು ನಿಮ್ಮ ಕೋಳಿದು, ಎರಡನೇದು ನಿಮ್ಮ ಮಗಂದು.”

ಹೇಳಿ, ನಗದೆ, ಇನ್ನೊಂದು ಮರಿ ಎತ್ತಿದಳು. ಅದನ್ನು ತಿರುಗಿಸಿ ನೋಡುತ್ತಲೇ, ಆಗ ಚಿಕ್ಕೇರೂರಿನ ಹನುಮವ್ವ ತನ್ನ ಮಗಳನ್ನು ಕೊಡಲು ಒಲ್ಲೆ ಅಂದಳಂತೆ, ಜಾತಕ ಗೀತಕ ಏನೂ ಇರಲಿಲ್ಲ, ಯಾಕಂದಳೋ ಇವತ್ತಿಗೂ ಯಾರಿಗೂ ಗೊತ್ತಿಲ್ಲ ಎಂದಳು. ಮರಿಯನ್ನು ಗಂಡಿನ ಪೆಟ್ಟಿಗೆಗೆ ಹಾಕಿದಳು. ನಾನು ಅದನ್ನು ಹೆಣ್ಣಿನ ಪೆಟ್ಟಿಗೆಯಲ್ಲಿ ಇಟ್ಟಿದ್ದೆ.

ಸಂಜೆ ಹಾನಗಲ್ಲಿನ ಕೋಣೆಗೆ ಬಂದು ೧೯೭೬ರ ಡೈರಿ ತೆಗೆದೆ. ಆಗಸ್ಟಿನ ಪುಟದಲ್ಲಿ, ಮೂರನೆಯ ಮನೆಯಲ್ಲಿ, ನನ್ನದೇ ಅಕ್ಷರದಲ್ಲಿ ಇತ್ತು: ಹನುಮವ್ವ. ಬಹಳ ಹೊತ್ತು ನೋಡಿದೆ. ಆಮೇಲೆ ಪುಟಗಳನ್ನು ಹಿಂದಕ್ಕೆ ತಿರುವಿ ಫೆಬ್ರವರಿಗೆ ಹೋದೆ. ಬಂದ ಪ್ರಶ್ನೆ ೧, ಕೊಟ್ಟ ಉತ್ತರ ೧. ಅದನ್ನು ತಿದ್ದಲಿಲ್ಲ. ಕೋಳಿಯ ಮಟ್ಟಿಗೆ ಅದು ಸರಿಯಾದ ಉತ್ತರವೇ. ಪಕ್ಕದಲ್ಲಿ ಉಳಿದಿದ್ದ ಜಾಗದಲ್ಲಿ ಅಳತೆಪಟ್ಟಿ ಇಟ್ಟು, ಎಂಟು ವರ್ಷ ತಡವಾಗಿ, ಇನ್ನೊಂದು ಗೆರೆ ಎಳೆದೆ. ಮೇಲೆ ‘ಕೇಳಿದವರು’ ಎಂದು ಬರೆದೆ. ಕೆಳಗೆ: ನೀಲವ್ವ, ದುಂಡಸಿ. ಆರು ತಿಂಗಳ ಬಸುರಿ.